ಮೈನಸ್ ಭತ್ತ

೯ ಜನವರಿ ೧೯೮೯, ಹರಿಹರ

ಬರೆಯಬೇಕಂತೆ. ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿದವಳಿಗೆ ಅರವತ್ತು ದಾಟಿದ ಮೇಲೆ ಈ ಶಿಕ್ಷೆ. "ಸಿಟ್ಟು ಬಂದ್ರೆ ನಿಮಗೆ ಮಾತು ಹಿಂದುಮುಂದಾಗ್ತಾವೆ ಫುಪ್ಪು, ಬರ್ದಿಡ್ರಿ" ಎಂದಳು ಶಮೀಮ್. ತಮ್ಮನ ಮಗಳು. ನಮ್ಮ ರೈಸ್ ಮಿಲ್ಲಿನ ಕಂಪ್ಯೂಟರಿಗೆ ಕೂರುವವಳು.

ಇವತ್ತು ನಾಲ್ಕು ಲಾರಿ ಭತ್ತ ಬಂತು. ಒಂದೊಂದರಲ್ಲಿ ಒಂಬತ್ತು ಟನ್. ಮೂರರ ತನಕ ಒಟ್ಟು ತೂಕ ಸರಿ. ನಾಲ್ಕನೆಯದು ಸೇರಿಸಿದ್ದೇ ತಡ — ಮೈನಸ್.

ಮಷೀನು ಮಾರಿದ ದಾವಣಗೆರೆಯ ಶಿವಯೋಗಪ್ಪ ಬಂದ. ಸರಿಯಾಗಿ ನೋಡಲೂ ಇಲ್ಲ. ರೈತರು, ಹಮಾಲರು ಎಲ್ಲರೆದುರು ಹೇಳಿದ: "ಮೂವತ್ತೆರಡು ಬಿಟ್ ಮಷೀನ್ ಇದು, ತಪ್ಪು ಮಾಡಂಗಿಲ್ಲ. ಹುಡುಗಿ ಕೈ ಎಲ್ಲೆಲ್ಲಿ ಆಡ್ತೈತೆ ನೋಡ್ಕೊಳ್ರಿ."

ಕಳ್ಳಿ ಎಂದ ಹಾಗೇ ಆಯಿತು.

೧೨ ಜನವರಿ

ಶಮೀಮ್ ಮಿಲ್ಲಿಗೆ ಬರುತ್ತಿಲ್ಲ. ಮಲೆಬೆನ್ನೂರಿನ ರೈತರಿಬ್ಬರು ಲಾರಿ ತಿರುಗಿಸಿಕೊಂಡು ಬೇರೆ ಮಿಲ್ಲಿಗೆ ಹೋದರು. ಟೀ ಅಂಗಡಿಯಲ್ಲೆಲ್ಲ ಅವಳದೇ ಮಾತು ಎಂದ ಹಮಾಲ ಬಡೇಸಾಬ್. ಅವನಿಗೇ ಬೈದೆ. ಪಾಪ... ಇರಲಿ.

೨೦ ಜನವರಿ

ರಿಪೇರಿಗೆ ಶಿವಯೋಗಪ್ಪನ ಅಂಗಡಿಯ ಕೆಂಚವೀರಪ್ಪ ಬಂದಿದ್ದ. ಊಟಕ್ಕೆ ಕೂರಿಸಿದೆ. ಬಾಯಿ ಬಿಟ್ಟ.

"ಪ್ರೊಸೆಸರ್ ಮೂವತ್ತೆರಡೇ ಅಮ್ಮಾರೆ. ಆದ್ರೆ ಅದನ್ನ ನಡ್ಸೋ ಡಾಸ್ ಹದಿನಾರು ಬಿಟ್. ಪ್ರೋಗ್ರಾಮನ್ನ ಮಷೀನ್ ಭಾಷೆಗೆ ತಿರುಗ್ಸೋ ಕಂಪೈಲರೂ ಹದಿನಾರು. ಅದು ಒಂದು ಅಂಕಿಗೆ ಕೊಡೋ ಜಾಗ ಮೂವತ್ತೆರಡು ಸಾವಿರದ ಏಳ್ನೂರ ಅರವತ್ತೇಳಕ್ಕೆ ತುಂಬ್ತೈತೆ. ಮೇಲೊಂದು ಕಿಲೋ ಬಿದ್ರೆ ಮೈನಸ್."

ಕಣಜ ದೊಡ್ಡದು, ಅಳೆಯುವುದು ಪಾವಿನಲ್ಲಿ. ಸರಿಮಾಡಲು ಬರುವುದಿಲ್ಲವೇ ಎಂದೆ. ಬರುತ್ತದಂತೆ. ಎರಡು ಜಾಗ ಸೇರಿಸಿ ಒಂದೇ ಅಂಕಿ ಇಡು ಎಂದು ಬರೆದರೆ ಅದೇ ಕಂಪೈಲರ್ ಕೇಳುತ್ತದಂತೆ. ಇವರು ಹಳೇ ಮಷೀನಿನ ಪ್ರೋಗ್ರಾಮನ್ನೇ ತಂದು ತುರುಕಿದ್ದಾರೆ. ನಿಮ್ಮ ಸಾಹುಕಾರನಿಗೆ ಇದು ಗೊತ್ತೇ ಎಂದು ಕೇಳಿದೆ.

"ದೀಪಾವಳಿಗಿಂತ ಮುಂಚೆನೇ ಹೇಳಿದ್ದೆ."

ಗೊತ್ತಿದ್ದೂ ಹುಡುಗಿಯ ಕೈ ತೋರಿಸಿದ. ಇರು ಮಗನೇ.

೩೦ ಜನವರಿ

ಸಾರಥಿ ಊರಿನಲ್ಲಿರುವ ಶಿವಯೋಗಪ್ಪನ ಗದ್ದೆಯ ಭತ್ತ ಬಂತು, ಜೊತೆಗೆ ಅವನೂ. ಮೊದಲೇ ಬಂದಿದ್ದರೂ ಅವನ ಲಾರಿಯನ್ನು ಬೇಕೆಂದೇ ಕಾಯಿಸಿದೆ. ನಾಲ್ಕನೆಯದಾಗಿ ತೂಗಿಸಿದೆ. ಕಂಪ್ಯೂಟರಿಗೆ ತೂಕ ನಿಮ್ಮ ಕೈಯಿಂದಲೇ ಒತ್ತಿ ಎಂದೆ. ಒತ್ತಿದ. ಮೈನಸ್ ಇಪ್ಪತ್ತೊಂಬತ್ತು ಸಾವಿರ ಚಿಲ್ಲರೆ.

"ಏನ್ರಿ ಶಿವಯೋಗಪ್ಪಾರೆ, ಭತ್ತ ತಂದ್ರೋ, ಒಯ್ದ್ರೋ? ಮಷೀನಂತೂ ತಪ್ಪು ಮಾಡಂಗಿಲ್ಲ."

"ಕೈ ಎಲ್ಲೆಲ್ಲಿ ಆಡ್ತೈತೆ ನೋಡ್ಕೊಳ್ರಿ ಸಾವ್ಕಾರ್ರೆ" ಎಂದ ಬಡೇಸಾಬ್, ಮೂಟೆ ಹೊತ್ತೇ.

ಹಮಾಲರೆಲ್ಲ ನಕ್ಕರು. ಶಿವಯೋಗಪ್ಪ ನನ್ನನ್ನು ಒಳಗೆ ಕರೆದು ಮೆಲ್ಲಗೆ, ಹೊಸ ಪ್ರೋಗ್ರಾಮ್ ಹಾಕಿಸುತ್ತೇನೆ, ಇಷ್ಟಕ್ಕೇ ಬಿಡಿ ಎಂದ. ಬಿಡುವುದೇ? ಅವನ ಭತ್ತವನ್ನು ಗೋಡೌನಿಗೆ ಹಾಕಿಸಿ ಬೀಗ ಜಡಿದೆ. ಕೀ ನನ್ನ ಸೊಂಟದಲ್ಲಿದೆ.

೩೧ ಜನವರಿ

ಎಷ್ಟು ಕರೆದರೂ ಶಮೀಮ್ ಬರಲೊಲ್ಲಳು. ನಿಮ್ಮವರು ನಕ್ಕರು, ಅವನೇನೂ ಹೇಳಲಿಲ್ಲವಲ್ಲ ಎನ್ನುತ್ತಾಳೆ. ನಿಜ.

ಬಡೇಸಾಬನ ಕೈಲಿ ಶಿವಯೋಗಪ್ಪನಿಗೆ ಹೇಳಿ ಕಳಿಸಿದೆ. ಅಂದಿದ್ದನ್ನು ಅಂದ ಜಾಗದಲ್ಲೇ, ಅಷ್ಟೇ ಜನರೆದುರು, ಅಷ್ಟೇ ಜೋರಾಗಿ ನುಂಗಬೇಕು. ಆಮೇಲೆ ಗೋಡೌನಿನ ಕೀ. ಬರುತ್ತೀಯೋ ಇಲ್ಲವೋ — ಫೆಬ್ರವರಿ ಎಂಟರೊಳಗೆ ಉತ್ತರ ಬೇಕು.