ಮೂರನೇ ದಿನದ ನೀರು

ದಿರೆ ಬಯಲು, ಬೊರಾನ ಸೀಮೆ
ಏಪ್ರಿಲ್ ೧೪, ೧೯೯೩

ಪ್ರೀತಿಯ ತಂಗಿ ಎಲೆಮಾ,

ನಾವೆಲ್ಲ ಕ್ಷೇಮ. ಉಳಿದಿರುವ ದನಗಳೂ ಕ್ಷೇಮ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲು ಕೂತವನು ಮೂರು ಸಲ ಹರಿದು ಹಾಕಿದೆ. ಸೋಮಾರಿ ಅಣ್ಣ ಅಂತ ಬೈದುಕೋ, ಅಡ್ಡಿಯಿಲ್ಲ.

ಮಳೆ ಬಂತು ಕಣೇ! ಬಯಲಿನ ಗುಂಡಿ ಗುಂಡಿಯಲ್ಲೂ ನೀರು ನಿಂತಿದೆ. ಬಾವಿಯ ದಾರಿಗೆ ಮುಳ್ಳು ಹಾಕಿ ಮುಚ್ಚಿದ್ದೇವೆ. ಹನ್ನೆರಡು ಆಳು ಒಬ್ಬರ ಮೇಲೊಬ್ಬರು ಮೆಟ್ಟಿಲಲ್ಲಿ ನಿಂತು, ಹಾಡುತ್ತ, ಕೈಯಿಂದ ಕೈಗೆ ನೀರು ದಾಟಿಸುವ ಕೆಲಸಕ್ಕೆ ಸದ್ಯ ರಜೆ. "ನೀವು ದಿನವಿಡೀ ಮನೇಲೇ ಬಿದ್ದಿರ್ತೀರಾ, ನಂಗೆ ಬೇಸಿಗೇನೇ ವಾಸಿ ಅಂತ ಬರೀರಿ ಅವಳಿಗೆ" ಅಂತ ನಿನ್ನ ಅತ್ತಿಗೆ ದರ್ಮಿ ಪಕ್ಕದಲ್ಲೇ ಕೂತು ರೇಗಿಸುತ್ತಿದ್ದಾಳೆ.

ಹೋದ ವಾರ ನಿನ್ನ ಗಂಡ ಲಿಬನ್ ಬಂದಿದ್ದ. ನನಗೆ ತಟ್ಟನೆ ಗುರುತೇ ಸಿಗಲಿಲ್ಲ. ಸಂತೆಯಲ್ಲಿ ಇದ್ದಿಲು ಮಾರುತ್ತಾನಂತೆ, ಕೈಯೆಲ್ಲ ಕಪ್ಪು. ಹಾಲು ಕೊಟ್ಟರೆ ಕುಡಿಯದೆ ಪಕ್ಕಕ್ಕಿಟ್ಟ.

"ಪೇಟೆಗೆ ಹೋಗೋ, ಹೆಂಡ್ತಿ ಮಕ್ಕಳ ಹತ್ರ ಇರು" ಅಂದೆ.

"ಬಾಗ್ಲಲ್ಲೇ ಶುರು ಮಾಡ್ತಾಳೆ ಭಾವ, ನೀರಿನ ದಿನ ನಿದ್ದೆ ಹೊಡೆದ ಮಹಾರಾಯ ಬಂದ ಅಂತ. ಈಗ ಮಕ್ಕಳೂ ಕಲ್ತಿವೆ" ಅಂತ ನಕ್ಕ.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಹುಲ್ಲು ಇರುವುದು ಗುಡ್ಡದಾಚೆ, ನೀರು ಇರುವುದು ನಮ್ಮ ಬಾವಿಯ ತಳದಲ್ಲಿ. ದನ ಒಂದು ದಿನ ಮೇಯಬೇಕು, ಒಂದು ದಿನ ನಡೆಯಬೇಕು, ಮೂರನೇ ದಿನ ಕುಡಿಯಬೇಕು. ಆ ಸರದಿ ತಪ್ಪಿತೆಂದರೆ ಮತ್ತೆ ಮೂರು ದಿನ. ಬೇಸಿಗೆಯ ಕೊನೆಯಲ್ಲಿ ಯಾವ ದನಕ್ಕೆ ಅಷ್ಟು ಜೀವ ಇರುತ್ತದೆ ಹೇಳು? ನಿಮ್ಮ ಹದಿನೇಳು ದನಗಳೂ ಬಾವಿಯ ಎದುರೇ ಮಲಗಿ ಪ್ರಾಣ ಬಿಟ್ಟವು. ಲಿಬನ್ ತಡವಾಗಿ ಬಂದು ಸರದಿ ಕಳೆದುಕೊಂಡ ಅಂತ ಸರದಿ ನೋಡಿಕೊಳ್ಳುವ ನಾನು ಹೇಳಿದೆ. ನಾನು ಹೇಳಿದ್ದನ್ನೇ ಎಲ್ಲರೂ ಹೇಳಿದರು.

ಆದರೂ ಅಣ್ಣನ ಮಾತು ಕೇಳು, ಅವನನ್ನು ಒಳಗೆ ಕರೆ. ತುಪ್ಪದಲ್ಲಿ ಕಾಫಿಬೀಜ ಹುರಿದು ಕೊಡು, ಅವನಿಗೆ ಇಷ್ಟ. ನನ್ನ ಕೆಂಪು ಹಸು ಈ ತಿಂಗಳು ಈಯುತ್ತದೆ. ಹಸು, ಕರು ಎರಡೂ ನಿಮ್ಮವು. ದಾನ ಅಂದುಕೊಳ್ಳಬೇಡ.

ನಿನಗೂ ಮಕ್ಕಳಿಗೂ ಹಾಲು, ನೆರಳು, ನೆಮ್ಮದಿ ತಪ್ಪದಿರಲಿ.

ನಿನ್ನ ಅಣ್ಣ,
ದುಲಚಾ

ತಾ.ಕ.: ಲಿಬನ್ ತಡ ಮಾಡಿರಲಿಲ್ಲ. ಸೂರ್ಯ ಮೂಡುವ ಹೊತ್ತಿಗೇ ದನ ತಂದು ನಿಲ್ಲಿಸಿದ್ದ. ನನ್ನ ದನಗಳು ಹುಲ್ಲು ಸಿಗದೆ ಒಂದು ದಿನ ಮೊದಲೇ ವಾಪಸು ಬಂದು ಅಲ್ಲೇ ಒರಲುತ್ತಿದ್ದವು. ನನಗೆ ನೋಡಲಾಗಲಿಲ್ಲ, ಅವನ್ನೇ ಮೊದಲು ಬಿಟ್ಟೆ. ಅವು ಕುಡಿದು ಮುಗಿಸುವಾಗ ಬಾವಿ ತಳ ಕಂಡಿತ್ತು. ನೀರೆತ್ತುವವರೆಲ್ಲ ಬಾವಿಯೊಳಗಿದ್ದರು, ಅವನು ಬಂದದ್ದನ್ನು ನೋಡಿದವನು ನಾನೊಬ್ಬನೇ. ಅವರು ಮೇಲೆ ಬಂದಾಗ "ನೀನು ತಡ ಮಾಡಿದೆ" ಅಂತ ಎಲ್ಲರ ಮುಂದೆ ಅಂದುಬಿಟ್ಟೆ. ಬಾವಿಯ ಬಳಿ ಸರದಿಯವನಿಗೆ ಎದುರಾಡಬಾರದಲ್ಲ, ಅವನು ತಲೆ ತಗ್ಗಿಸಿದ. ನಿನ್ನ ಹತ್ತಿರವಾದರೂ ನಿಜ ಹೇಳುತ್ತಾನೆ ಅಂದುಕೊಂಡಿದ್ದೆ.

ಹೋದ ವಾರ ಕೇಳಿದೆ, "ಇಷ್ಟು ದಿನ ಯಾಕೋ ಹೇಳಲಿಲ್ಲ ಅವಳಿಗೆ?"

"ಅವಳಿಗೆ ತವರು ಅಂತ ಇರೋದು ನೀವೊಬ್ರೇ ಅಲ್ವಾ ಭಾವ" ಅಂದ.