ಎಡಗುಡ್ಡದ ಬೆಂಕಿ ಕಾಣುವ ಜಾಗ

ಜುಲೈ 29, ಊಟದ ಹೊತ್ತು
ಬೆಳಿಗ್ಗೆಯಿಂದ ಲಿಫ್ಟಿನಲ್ಲೇ, ಊರು ನೋಡಲು ಬಂದವರನ್ನು ಗೋಪುರ ಹತ್ತಿಸುವ ಕೆಲಸ. ಏರು, ಇಳಿ, ತಲೆ ಬಾಗಿಸು. ಗೋಪುರದ ತುದಿ ಮುಟ್ಟಿದರೆ ಎಲ್ಲರದೂ ಒಂದೇ ಪ್ರಶ್ನೆ — ಹಳೇ ಅರಮನೆ ಎಲ್ಲಿ? ಕೈ ತೋರಿಸುತ್ತೇನೆ. ಕಣ್ಣು ಮಾತ್ರ ಆಚೆ, ವಾಯವ್ಯಕ್ಕೆ. ನಮ್ಮ ಮನೆ, ಅದರ ಬೆನ್ನಿಗೇ ಎದ್ದಿರುವ ಹೊಸ ಹೋಟೆಲು, ಅದರಾಚೆ ಎಡಗುಡ್ಡ.

ಆಗಸ್ಟ್ ಹದಿನಾರಕ್ಕೆ ಐದು ಗುಡ್ಡಗಳಿಗೆ ಬೆಂಕಿ. ಹಬ್ಬಕ್ಕೆ ಮನೆಗೆ ಬಂದ ಸತ್ತವರು ಆ ಬೆಳಕಲ್ಲಿ ವಾಪಸ್ ಹೋಗಬೇಕು. ಈ ವರ್ಷ ತೀರಿಕೊಂಡ ಅಮ್ಮನಿಗೆ ಇದು ಮೊದಲ ಸಲ. ಪ್ರತಿವರ್ಷ ಬಟ್ಟೆ ಒಣಹಾಕುವ ಅಟ್ಟಣೆಯಿಂದ ಬೆಂಕಿ ನೋಡುತ್ತಿದ್ದೆವು. ಈಗ ಅಲ್ಲಿಂದ ಕಾಣುವುದು ಹೋಟೆಲಿನ ಗೋಡೆ.

ಆಗಸ್ಟ್ 3
ಅಪ್ಪನಿಗೆ ತಲೆ ಕೆಟ್ಟಿದೆ. ಏಣಿ ಒರೆಸುತ್ತಾ ಕೂತಿದ್ದ.

"ಹೆಂಚಿನ ಮೇಲೆ ಹತ್ತಿದ್ರೆ ಗುಡ್ಡ ಕಾಣತ್ತೆ."

"ನಿನ್ನ ಮಂಡಿಗೆ ಮೆಟ್ಟಿಲೇ ಆಗಲ್ಲ ಅಪ್ಪ."

"ಅವಳನ್ನ ಕಳಿಸಿ ಆಮೇಲೆ ಬಿದ್ರೆ ಬೀಳ್ತೀನಿ."

ತಮಾಷೆ ಮಾಡುತ್ತಿರಲಿಲ್ಲ. ನಿದ್ದೆ ಬರುತ್ತಿಲ್ಲ ನನಗೆ.

ಆಗಸ್ಟ್ 6
ಮೇಲಧಿಕಾರಿ ಕುಜೆ ಅವರನ್ನು ಕೇಳಿದೆ. ಹದಿನಾರಕ್ಕೆ ರಜೆ ಕೊಡಿ.

"ಫುಸಾಎ ಅವರೇ, ಆ ದಿನ ನೀವಿಲ್ಲದೆ ನಮಗೆ ಕೈಕಾಲೇ ಆಡಲ್ಲ." ನಗುತ್ತಲೇ ಅಂದರು. ಅಂದರೆ ಇಲ್ಲ. ಆದರೆ ಅಪ್ಪನಿಗೆ ಮೇಲೆ ಮೂಲೆಯಲ್ಲೊಂದು ಸ್ಟೂಲ್ ಕೊಡುತ್ತಾರಂತೆ. ಅಲ್ಲಿಂದ ಎಲ್ಲ ಬೆಂಕಿಯೂ ಕಾಣುತ್ತದೆ. ಓಡಿ ಬಂದು ಹೇಳಿದೆ.

"ಆ ಮೇಣದಬತ್ತಿಯಂಥ ಗೋಪುರ ಹತ್ತಬೇಕಾ ನಾನು? ಊರಿನ ಅಂದ ಕೆಡಿಸಿದ್ದನ್ನ? ನಿನ್ನ ಅನ್ನ ಅದು, ನೀನೇ ಹತ್ತು."

ಸಿಟ್ಟು ಬಂತು. ಸೌತೆಕಾಯಿ ಉಪ್ಪಿನಕಾಯಿ ತಟ್ಟೆಗೆ ಕುಕ್ಕಿದೆ.

ಆಗಸ್ಟ್ 13
ಅಮ್ಮನನ್ನು ಮನೆಗೆ ಕರೆದದ್ದಾಯಿತು. ಫೋಟೋ ಮುಂದೆ ಪೀಚ್ ಹಣ್ಣು, ತಣ್ಣನೆ ಬಾರ್ಲಿ ಚಹಾ. ಅಪ್ಪ ಅವಳ ಜೊತೆ ಹೋಟೆಲನ್ನು ಬೈಯುತ್ತಾ ಕೂತಿದ್ದ. ನಾನು ಅಡುಗೆಮನೆಯಲ್ಲೇ ಉಳಿದೆ. ಆದರೂ ಮನೆ ತುಂಬಿದ ಹಾಗಿತ್ತು... ಹದಿನಾರು ಬರಲೇಬಾರದು.

ಆಗಸ್ಟ್ 16, ಮಧ್ಯಾಹ್ನ
ಏಣಿ ಗೋಡೆಗೆ ಒರಗಿಸಿದ್ದಾನೆ. ಪಕ್ಕದ ಮನೆಯ ಓಕುಡಾ ಅತ್ತೆಗೆ ಕಣ್ಣಿಡಲು ಹೇಳಿ ಹೊರಟೆ.

ಆಗಸ್ಟ್ 16, ರಾತ್ರಿ
ಗುಡ್ಡದ ಬೆಂಕಿ ಮುಗಿಯುವ ತನಕ ಅಂತ ಗೋಪುರದ ದೀಪ ಪೂರ್ತಿ ಆರಿಸಿದರು. ಜನ ಗಾಜಿಗೆ ಮೂಗೊತ್ತಿ ನಿಂತರು. ನಿಯಮ ಹಾಳಾಗಿ ಹೋಗಲಿ ಅಂತ ಕಂಬದ ಹಿಂದೆ ನಿಂತು ಫೋನ್ ಮಾಡಿದೆ.

"ಎಲ್ಲಿದ್ದೀಯ ಅಪ್ಪ?"

"ಕೆಳಗೇ. ಎರಡು ಮೆಟ್ಟಿಲು ಹತ್ತಿದೆ. ಮಂಡಿ ಕೇಳಲಿಲ್ಲ." ಆಮೇಲೆ, "ಫುಸಾ, ನೀನು ನೋಡಿ ಹೇಳ್ತೀಯಾ?"

ಅಪ್ಪ ಜನ್ಮದಲ್ಲಿ ನನ್ನನ್ನು ಏನೂ ಕೇಳಿದವನಲ್ಲ. ಹೇಳಿದೆ. ಮೊದಲು ಪೂರ್ವದ ಗುಡ್ಡ. ಆಮೇಲೆ ಉತ್ತರದ್ದು, ಆಮೇಲೆ ದೋಣಿಯಾಕಾರದ್ದು. ನಾಲ್ಕನೆಯದು ನಮ್ಮ ಎಡಗುಡ್ಡ. ಕೆಂಪಗೆ, ಚೆನ್ನಾಗಿ ಹತ್ತಿಕೊಂಡಿದೆ ಅಂದೆ. ಆ ಕಡೆಯಿಂದ ಅಳು ಕೇಳಿಸಿತು. ನಾನೂ ಅತ್ತೆ. ಐದನೆಯದನ್ನು ನೋಡಲೇ ಇಲ್ಲ.

ಬೆಂಕಿ ಸಣ್ಣಗಾಯಿತು. ಚುಕ್ಕಿಯಾಯಿತು. ಕಪ್ಪಾಯಿತು.

"ಆರಿತಾ?"

"ಇಲ್ಲ ಅಪ್ಪ. ಇನ್ನೂ ಉರೀತಿದೆ."

ಜನ ಲಿಫ್ಟಿನ ಕಡೆ ಹೊರಟಿದ್ದರು. ಕುಜೆ ನನ್ನನ್ನು ಹುಡುಕುತ್ತಿದ್ದರು.

"ಈಗ?"

"ಉರೀತಿದೆ. ಸಲ್ಪ ಹೊತ್ತಿದೆ ಇನ್ನೂ."

ಆ ಕಡೆ ಅಪ್ಪ ಕಿಟಕಿ ಸರಿಸಿದ ಸದ್ದು ಕೇಳಿಸಿತು.

"ಗೋಪುರಕ್ಕೆ ದೀಪ ಹಾಕಿದ್ರಲ್ಲ ಫುಸಾ. ನನ್ನ ಕಿಟಕಿಗೆ ಕಾಣ್ತಿದೆ."

ತಲೆಯೆತ್ತಿದೆ, ದೀಪಗಳೆಲ್ಲ ಹತ್ತಿದ್ದವು.

"ಬಿಟ್ಟುಬಿಡು ಮಗಾ. ಅವಳು ಹೋಗಲಿ."

ಆಗಸ್ಟ್ 17, ಬೆಳಿಗ್ಗೆ
ಅಪ್ಪ ಅಮ್ಮನ ಹಾಸಿಗೆ ಬಿಸಿಲಿಗೆ ಹರವಿದ್ದಾನೆ. ಮಡಚಿ ಕಪಾಟಿಗಿಡಬೇಕಂತೆ, ಒಬ್ಬನಿಗೆ ಆಗುವುದಿಲ್ಲವಂತೆ. ಎರಡು ಸಲ ಕರೆದ. ಹೋಗುತ್ತೇನೆ. ಇನ್ನೊಂದು ನಿಮಿಷ. ಹಾಸಿಗೆಗೆ ಬಿಸಿಲು ಇನ್ನೂ ಸರಿಯಾಗಿ ತಾಗಿಲ್ಲ...