ಬಾಯಲ್ಲಿ ಮೊಳೆ ಹಿಡಿಯದ ಅಮ್ಮ

ಸೋಮವಾರ, ಬೆಳಗಿನ ತಿಂಡಿಯ ಹೊತ್ತು

ನನ್ನ ಅಕ್ಕಾ,

ಮಗ ಈಗಷ್ಟೇ ನಿದ್ದೆ ಹೋಗಿದ್ದಾನೆ. ನಾನೂ ಮಲಗಬೇಕಿತ್ತು, ಆದರೆ ನಿದ್ದೆ ನನ್ನ ಜೊತೆ ಮಾತು ಬಿಟ್ಟು ತಿಂಗಳುಗಳೇ ಆದವು. ಫೋನಿನಲ್ಲಿ ನೀನು ಅಮ್ಮನ ಸಮಾಚಾರ ಕೇಳಿದಾಗಲೆಲ್ಲ ಅವಳು ಪಕ್ಕದಲ್ಲೇ ನಿಂತು ನನ್ನತ್ತ ಕಣ್ಣು ಬಿಡುತ್ತಿರುತ್ತಾಳೆ. ಅದಕ್ಕೇ ಈ ಕಾಗದ. ಮೊದಲೇ ಹೇಳಿಬಿಡುತ್ತೇನೆ, ಅಮ್ಮ ಚೆನ್ನಾಗಿದ್ದಾಳೆ. ಈಗ.

ಎದೆಬಡಿತದ ತಾಳ ತಪ್ಪುವ ಅವಳ ಕಾಯಿಲೆಗೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಬದಲಾಯಿಸಿದ್ದು ನಿನಗೆ ಗೊತ್ತು. ಹಳೆಯದಕ್ಕೆ ಪದೇ ಪದೇ ರಕ್ತಪರೀಕ್ಷೆ ಬೇಕಿತ್ತು; ಹೊಸದಕ್ಕೆ ಆ ಕಾಟವಿಲ್ಲ, ಬೆಳಿಗ್ಗೆ ಒಂದು ಸಂಜೆ ಒಂದು ನುಂಗಿದರಾಯಿತು ಅಂತ ನಾವಿಬ್ಬರೂ ಖುಷಿಪಟ್ಟಿದ್ದೆವು. ಅದು ಅವಳಿಗೆ ಏನು ಮಾಡಿತೆಂಬುದು ನಿನಗೆ ತಿಳಿಯದು. ಹೊಟ್ಟೆಯಲ್ಲಿ ಉರಿ. ಸೋಫಾದ ಚೌಕಟ್ಟಿಗೆ ಮಂಡಿ ತಾಗಿದರೆ ಸಾಕು, ಅಂಗೈಯಗಲ ನೀಲಿ. ಒಸಡಿನಲ್ಲಿ ರಕ್ತ. ಅವಳು ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊಡೆಯುವ ರೀತಿ ನೆನಪು ಮಾಡಿಕೋ: ಬಾಯ್ತುಂಬ ಸಣ್ಣ ಮೊಳೆ, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಸುತ್ತಿಗೆಯ ಅಯಸ್ಕಾಂತದ ತುದಿಗೆ ಅಂಟಿಸಿ, ಟಕ್. ನಮ್ಮನ್ನು ಬೈಯಬೇಕಾದರೂ ಮೊಳೆ ಉಗಿದೇ ಬೈಯಬೇಕಿತ್ತು. ಅಷ್ಟರಲ್ಲಿ ನಾವು ಓಡಿರುತ್ತಿದ್ದೆವು.

ಮೊಳೆಯ ವಿಷಯವನ್ನು ಅವಳು ಡಾಕ್ಟರಿಗೆ ಹೇಳಿಯೇ ಇರಲಿಲ್ಲ. ಯಾಕೆ ಅಂದರೆ, "ಅವರೇನು ಸೋಫಾ ರಿಪೇರಿಗೆ ಬಂದಿದ್ರಾ?" ಅಂತ ನನ್ನನ್ನೇ ಕೇಳಿದಳು.

ಇನ್ನೊಂದನ್ನೂ ಹೇಳಿರಲಿಲ್ಲ. ಹಳೆಯ ಮಾತ್ರೆಯ ಕಾಲದಲ್ಲಿ, ಪರೀಕ್ಷೆಯಲ್ಲಿ ರಕ್ತ ತೀರಾ ತೆಳುವಾಗಿ ಕಂಡರೆ ಒಂದು ದಿನ ಬಿಡಿ ಅನ್ನುತ್ತಿದ್ದರಲ್ಲ, ಅದನ್ನೇ ಅವಳು ಪಾಠ ಮಾಡಿಕೊಂಡಿದ್ದಳು. ಒಸಡಿನಲ್ಲಿ ಕೆಂಪು ಕಂಡ ದಿನ ಹೊಸ ಮಾತ್ರೆಗೂ ರಜೆ.

ಹೋದ ವಾರ ನಾನು ಸ್ನಾನ ಮುಗಿಸಿ ಬಂದರೆ ಅಮ್ಮ ಕೆಲಸದ ಕೋಣೆಯ ನೆಲದ ಮೇಲೆ ಕೂತಿದ್ದಳು, ಮಡಿಲಲ್ಲಿ ಮಗ. "ಸುತ್ತಿಗೆ ಕೈ ಜಾರ್ತು, ಎತ್ಕೊಳ್ಳೋಣ ಅಂತ ಕೂತೆ, ಇವನೂ ತೆವಳ್ಕೊಂಡು ಬಂದ" ಅಂದಳು. ಮಾತು ತೊದಲುತ್ತಿತ್ತು. ಬಲಗೈ ಬೆರಳು ಮಡಿಸು ಅಂದೆ. ಅವು ಮಡಿಯಲಿಲ್ಲ.

ಆಸ್ಪತ್ರೆ ತಲುಪುವಷ್ಟರಲ್ಲಿ ಅದೇ ಕೈಯಲ್ಲಿ ನನ್ನ ಕಣ್ಣೊರೆಸುತ್ತಿದ್ದಳು. ಹೆಪ್ಪುಗಟ್ಟಿದ ರಕ್ತ ಮಿದುಳಿನ ದಾರಿಗೆ ಅಡ್ಡ ಬಂದು ತಾನಾಗಿ ಸರಿದಿದೆ, ಮುಂದಿನ ಸಲವೂ ಸರಿಯುತ್ತದೆಂಬ ಭರವಸೆ ಇಲ್ಲ ಅಂದರು ಡಾಕ್ಟರ್. ಹಳೆಯ ಮಾತ್ರೆಯ ಪ್ರಭಾವ ದಿನಗಟ್ಟಲೆ ಉಳಿಯುತ್ತಿತ್ತಂತೆ; ಹೊಸದರದು ಬೇಗ ಇಳಿದುಹೋಗುತ್ತದಂತೆ. ಕೇಳದೆ ಒಂದು ಹೊತ್ತೂ ಬಿಡಕೂಡದು ಎಂದು ಗಟ್ಟಿಯಾಗಿ ಹೇಳಿದರು. ಆಗ ಮೊಳೆಯ ಗುಟ್ಟೂ ಹೊರಬಿತ್ತು. ಡಾಕ್ಟರ್ ಕನ್ನಡಕ ತೆಗೆದು, "ಎಷ್ಟು ಮೊಳೆ ಹಿಡಿಯುತ್ತೆ ಅಮ್ಮಾ ಬಾಯಲ್ಲಿ?" ಅಂದರು. "ಅದು ಮಾತಾಡೋದಿದ್ಯೋ ಇಲ್ವೋ ಅನ್ನೋದರ ಮೇಲಿದೆ" ಅಂದಳು ನಮ್ಮಮ್ಮ.

ಈಗ ಅವಳನ್ನು ನೀನು ನೋಡಬೇಕು. ಮೊಳೆಗಳೆಲ್ಲ ತಟ್ಟೆಯಲ್ಲಿ. ಮೊದಲ ದಿನ, ಬಲಗೈಯಲ್ಲಿ ಸುತ್ತಿಗೆ, ಎಡಗೈಗೆ ಮೊಳೆ ಹೆಕ್ಕಲು ಬಾರದೆ ಒಂದೇ ಕುರ್ಚಿಗೆ ಮಧ್ಯಾಹ್ನವೆಲ್ಲ ಹಿಡಿಯಿತು. ಸಿಟ್ಟಿಗೆ ತುಟಿ ಮಾತ್ರ ಬಿಗಿಯುತ್ತಿತ್ತು, ಒಂದು ಮೊಳೆಯೂ ಆ ತುಟಿಗೆ ಹೋಗಲಿಲ್ಲ. ಏನಮ್ಮಾ ನಿಧಾನ ಆಗ್ಬಿಟ್ರಿ ಅಂದ ಗಿರಾಕಿಗೆ, "ಈಗ ಬಾಯಿ ಖಾಲಿ ಇದೆ, ಹುಷಾರು" ಅಂದಳು. ಮಂಡಿಗೆ ಮಿಕ್ಕ ಸ್ಪಂಜು ಸುತ್ತಿ ಹೊಲಿದುಕೊಂಡಿದ್ದಾಳೆ. ಹಲ್ಲಿಗೆ ಮಗುವಿನದರಷ್ಟು ಮೆತ್ತಗಿನ ಬ್ರಷ್. ಡಾಕ್ಟರ್ ಹೇಳಿಕೊಟ್ಟಂತೆ ಊಟದ ಜೊತೆಗೇ ಮಾತ್ರೆ, ಲೋಟದ ತುಂಬ ನೀರು, ತಿಂದ ಕೂಡಲೇ ಮಲಗುವಂತಿಲ್ಲ. ಉರಿ ತಗ್ಗಿದೆ, ಹೋಗಿಲ್ಲ. ನುಂಗುವಾಗ ಮುಖ ಕಿವುಚುತ್ತಾಳೆ, ನುಂಗುತ್ತಾಳೆ. ಒಸಡು ಕೆಂಪಾದ ದಿನ ಈಗ ರಜೆಯಿಲ್ಲ, ಡಾಕ್ಟರಿಗೆ ಫೋನು.

ಮಗ ಎರಡು ಸಲ ಸೀನಿದರೆ ನನಗೆ ಲೋಕ ಮುಳುಗುತ್ತದೆ. ಅವಳು ತನ್ನ ಹೆದರಿಕೆಯನ್ನು ಎಲ್ಲಿ ಬಚ್ಚಿಡುತ್ತಾಳೋ ಕಾಣೆ. ಅವಳ ಮಗಳಾಗಿ ನನಗೆ ಆ ಗಟ್ಟಿತನದ ಕಾಲುಭಾಗವಾದರೂ ಬರಬಾರದಿತ್ತೇ?

ನಿನ್ನ ತಂಗಿ,
ಅಳುಬುರುಕಿ

ಮರೆತ ಮಾತು: ಮರೆತದ್ದು ನಾನಲ್ಲ, ಅಮ್ಮ ಮರೆಸಿದ್ದು. ಮಡಚುವ ಮೊದಲೇ ಕಾಗದ ಕಿತ್ತುಕೊಂಡು ಓದಿ, "ಒಂದು ಕಡೆ ಸುಳ್ಳಿದೆ, ತಿದ್ದು" ಅಂದಳು. ಅವತ್ತು ಅವಳ ಕೈಯಲ್ಲಿದ್ದದ್ದು ಸುತ್ತಿಗೆಯಲ್ಲ, ಮಗು. ಬೆರಳು ಸತ್ತಂತಾದ ಕೂಡಲೇ ಗೋಡೆಗೊರಗಿ ಜಾರಿ ಕೂತು, ಎಡತೋಳಿನಿಂದ ಅವನನ್ನು ಹೊಟ್ಟೆಗೆ ಅವುಚಿಕೊಂಡು, ಕೂಗಲು ನಾಲಿಗೆ ಬಾರದೆ, ನನ್ನ ಸ್ನಾನ ಮುಗಿಯುವುದನ್ನೇ ಕಾದಳಂತೆ. "ನಿಜ ಹೇಳಿದ್ರೆ ಇವನನ್ನ ಮತ್ತೆ ನನ್ನ ಕೈಗೆ ಕೊಡ್ತಿದ್ಯಾ?" ಅಂದಳು. ಅವಳನ್ನು ನೆಲದ ಮೇಲೆ ಕೂರಿಸಿ, ನಿದ್ದೆಯಿಂದೆದ್ದು ಅಳುತ್ತಿದ್ದ ಮಗನನ್ನು ಮಡಿಲಿಗೆ ಹಾಕಿ, ಸ್ನಾನಕ್ಕೆ ಹೊರಟಿದ್ದೇನೆ. ಬಚ್ಚಲಿನ ಬಾಗಿಲಿಗೆ ಚಿಲಕ ಹಾಕುವುದಿಲ್ಲ, ಅಷ್ಟೇ.